ತುರಿತಗಡು ಎಲ್ಲಿ ಕಚ್ಚುತ್ತದೆ

ಮಾ ಎಕಾನೆಮ್ ಒಬ್ಬ ಹುಡುಗಿಯನ್ನು ದಪ್ಪ ಮಾಡುತ್ತೇನೆ ಎಂದು ಒಪ್ಪಿಕೊಂಡರೆ ಮುಗಿಯಿತು, ಆ ಹುಡುಗಿ ದಪ್ಪವಾದಳೆಂದೇ ತಿಳಿಯಬೇಕು. ಕ್ಯಾಲಬಾರ್‌ನ ಹೆನ್‌ಷಾ ಟೌನಿನಲ್ಲಿ ನದಿಗೆ ಇಳಿಯುವ ಓಣಿಯ ಮೂರನೆಯ ಮನೆ ಅವಳದು. ಆ ಮನೆಯ ಹಿಂಬದಿಯ ಮೈತುಂಬುವ ಕೋಣೆಗೆ ಕಡ್ಡಿಯ ಹಾಗೆ ಹೋದ ನಲವತ್ತೊಂದು ಮದುವಣಗಿತ್ತಿಯರು ಬಾಗಿಲಿಗೆ ಭುಜ ತಾಗಿಸಿಕೊಂಡು ಹೊರಗೆ ಬಂದಿದ್ದರು. ಮೂವತ್ತೆರಡನೆಯವಳಿಗಾಗಿ ಬಡಗಿಯನ್ನು ಕರೆಸಿ ಚೌಕಟ್ಟನ್ನೇ ಅಗಲ ಮಾಡಿಸಬೇಕಾಯಿತು ಎಂಬ ಕಥೆ ಪೇಟೆಯ ಮೀನಿನ ಸಾಲಿನಲ್ಲಿ ಈಗಲೂ ಓಡಾಡುತ್ತದೆ. ಅದು ಸುಳ್ಳು. ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು. ಆದರೆ ಮಾ ಎಕಾನೆಮ್ ಆ ಸುಳ್ಳನ್ನು ತಿದ್ದಲು ಎಂದೂ ಹೋಗಲಿಲ್ಲ.

ಹಿಂದೆ ಹುಡುಗಿಯರು ವರ್ಷಗಟ್ಟಲೆ ಒಳಗಿರುತ್ತಿದ್ದರು. ಈಗ ಬ್ಯಾಂಕಿನವಳಿಗೆ ಬ್ಯಾಂಕು, ಟೀಚರಿಗೆ ಶಾಲೆ. ಆರು ವಾರ ರಜೆ ಸಿಕ್ಕರೆ ಪುಣ್ಯ. ಅಷ್ಟರಲ್ಲೇ ಮೈಗೆ ಎಣ್ಣೆ ತಿಕ್ಕಬೇಕು, ಬಿಳಿಮಣ್ಣಿನ ಚಿತ್ತಾರ ಬರೆಯಬೇಕು, ಗಂಡನ ಮನೆಯಲ್ಲಿ ಬಾಯಿ ಎಲ್ಲಿ ಬಿಡಬೇಕು ಎಲ್ಲಿ ಬಿಗಿಯಬೇಕು ಎಂದು ಹೇಳಿಕೊಡಬೇಕು, ದಿನಕ್ಕೆ ಆರು ಸಲ ಉಣಿಸಬೇಕು. ಒಳಗಿರುವವಳು ಒಂದು ಲೋಟವನ್ನೂ ತೊಳೆಯಕೂಡದು. ಹೆಣ್ಣೊಬ್ಬಳು ಹುಟ್ಟಿ ಸಾಯುವುದರೊಳಗೆ ಕೈಕಟ್ಟಿ ಕೂರುವ ಆರು ವಾರ ಅವಷ್ಟೇ. ಅದಕ್ಕೆ ಮುಂಚೆ ತಾಯಿಯ ಮನೆಯ ಪಾತ್ರೆ, ಆಮೇಲೆ ಅತ್ತೆಯ ಮನೆಯ ಪಾತ್ರೆ. ಒಳಗೆ ಒಬ್ಬಳು ಕೂತು ಉಣ್ಣಬೇಕಾದರೆ ಹೊರಗೆ ಇನ್ನೊಬ್ಬಳು ನಿಂತು ಬೇಯಿಸಬೇಕು ಎನ್ನುವುದು ಮಾತ್ರ ಮೀನಿನ ಸಾಲಿನ ಯಾವ ಕಥೆಯಲ್ಲೂ ಬರುತ್ತಿರಲಿಲ್ಲ.

ಕೋಣೆಗೆ ಬಂದ ಮೊದಲ ದಿನ ಹುಡುಗಿಯ ಸೊಂಟಕ್ಕೆ ಮಣಿಯ ಉಡಿದಾರ ಕಟ್ಟುತ್ತಾರೆ. ಅದು ಬಿಗಿಯಾದಂತೆಲ್ಲ ಮಾ ಎಕಾನೆಮ್ ಮಣಿ ಸೇರಿಸಿ ಮತ್ತೆ ಪೋಣಿಸುತ್ತಾಳೆ. ಹೊರಬರುವ ದಿನ ಊರೆಲ್ಲ ಸೇರಿದಾಗ ಹುಡುಗಿಯ ಕೈಯನ್ನು ಗಂಡಿನ ತಾಯಿಯ ಕೈಗಿಟ್ಟು ಒಂದೇ ಮಾತು ಹೇಳುತ್ತಾಳೆ: "ನಾನು ನೋಡಿದ್ದೀನಿ. ಇವಳು ಗಟ್ಟಿಯಾಗಿದ್ದಾಳೆ." ಆ ಮಾತಿಗೆ ಬೆಲೆಯಿತ್ತು. ಒಮ್ಮೆ ಒಬ್ಬ ಹುಡುಗಿಯ ಕೆಮ್ಮು ಸರಿಬಾರದೆ, ಮೇಳದವರು ಡೋಲು ಹೆಗಲಿಗೇರಿಸಿದ ಮೇಲೂ ಮದುವೆ ನಿಲ್ಲಿಸಿ ಅವಳನ್ನು ಆಸ್ಪತ್ರೆಗೆ ಕಳಿಸಿದ ಹೆಂಗಸು ಅವಳು. ಆ ಹುಡುಗಿಗೆ ಈಗ ಮೂರು ಮಕ್ಕಳು.

ಇಷ್ಟೆಲ್ಲ ಹೆಸರಿದ್ದವಳಿಗೆ ಬದುಕಿನಲ್ಲಿ ಒಂದೇ ಸೋಲು, ಅವಳ ಗಂಡ. ತೀರಿಹೋದ ಎಟೆ ಎಡೆಮ್ (ಹಿರಿಯ ಗಂಡಸರನ್ನು ಅಲ್ಲಿ 'ಎಟೆ' ಎನ್ನುತ್ತಾರೆ, ಹೆಂಗಸರನ್ನು 'ಮಾ') ದೋಣಿಯ ಹುಟ್ಟಿನಷ್ಟು ಸಪೂರವಾಗಿದ್ದ. ಬೋಗುಣಿ ತುಂಬ ಉಂಡು, ಬೋಗುಣಿ ನೆಕ್ಕಿ, "ಇನ್ನೇನಿದೆ?" ಎನ್ನುವವ. ಮೂವತ್ತು ವರ್ಷ ಬೇಯಿಸಿ ಹಾಕಿದರೂ ಅವನ ಮೈಗೆ ಒಂದು ಹಿಡಿ ಮಾಂಸ ಹತ್ತಲಿಲ್ಲ. "ಊರಿನ ಹೆಣ್ಣುಗಳನ್ನ ಊದಿಸ್ತಾಳೆ, ಕಟ್ಟಿಕೊಂಡ ಗಂಡನಿಗೆ ಉಪವಾಸ!" ಎಂದು ಅವಳ ತಮ್ಮ ಎಟೆ ಓಫಿಯೊಂಗ್ ಹಬ್ಬಹಬ್ಬಕ್ಕೂ ಹೇಳಿ ನಗುತ್ತಿದ್ದ. ಎಡೆಮ್ ಎಂಬತ್ತೊಂದರವರೆಗೆ ಬದುಕಿ, ಒಂದು ಭಾನುವಾರ ಊಟ ಮುಗಿಸಿ, ಕೈ ತೊಳೆದುಕೊಂಡು ಸತ್ತ. ಆಗಲೂ ಅವಳು ಅಂದುಕೊಂಡದ್ದು, ಇನ್ನೊಂದು ಸೌಟು ಹಾಕಬೇಕಿತ್ತೋ ಏನೋ ಎಂದೇ.

ಈಗ ನಲವತ್ತೆರಡನೆಯ ಹುಡುಗಿ ಕೋಣೆಗೆ ಬಂದಳು. ಅವಳು ಇಕ್ವೊ, ಮಾ ಎಕಾನೆಮ್‌ಳ ಸ್ವಂತ ಮೊಮ್ಮಗಳು, ಮಗನ ಮಗಳು. ಇಪ್ಪತ್ತಾರು ವರ್ಷದ ಇಕ್ವೊ ನದಿ ದಾಟಿ ಓರಾನ್ ಊರಿಗೆ ಹೋಗುವ ದೋಣಿಗಳ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ದೊಡ್ಡ ಬಾಯಿ, ಉದ್ದ ಕಾಲು, ಸೊಂಟ ಎಲ್ಲಿದೆ ಎಂದು ಹುಡುಕಬೇಕು. ಅಜ್ಜನ ಎರಕ.

"ಈ ಸಲ ನಮ್ಮಕ್ಕ ಸೋತ್ಲು," ಎಂದು ಎಟೆ ಓಫಿಯೊಂಗ್ ಅಂಗಳದ ಕುರ್ಚಿಯಲ್ಲಿ ಕಾಲುಚಾಚಿ ಘೋಷಿಸಿದ. ಅವನ ಬೆಳಗಿನ ಹೊತ್ತೆಲ್ಲ ಆ ಕುರ್ಚಿಯಲ್ಲೇ ಕಳೆಯುತ್ತಿತ್ತು. "ಸೊಳ್ಳೆಪರದೆ ಕೋಲಿಗೆ ಬಟ್ಟೆ ಸುತ್ತಿದ ಹಾಗಿದ್ದಾಳೆ. ಇವಳಿಗೆ ಕಟ್ಟೋಕೆ ಉಡಿದಾರ ಯಾಕೆ, ಉಂಗುರ ಸಾಕು."

"ಬಾಯಿ ಮುಚ್ಕೊಂಡು ಅಂಬಲಿ ಕುಡಿ," ಎಂದಳು ಮಾ ಎಕಾನೆಮ್. "ಆರು ವಾರ ಬಿಟ್ಟು ನೋಡು. ಇವಳು ನಿನ್ನ ಪಕ್ಕ ಕೂತ್ರೆ ನೀನು ಕಾಣಿಸ್ಬಾರ್ದು."

ಇಕ್ವೊಳಿಗೆ ಕೋಣೆ ಸ್ವರ್ಗವಾಯಿತು. ಬೆಳಿಗ್ಗೆ ಜೋಳದ ಅಂಬಲಿ ಒಂದು ತಂಬಿಗೆ. ಆಮೇಲೆ ಕರಿದ ಬಾಳೆಕಾಯಿ. ಮಧ್ಯಾಹ್ನ ಕುಟ್ಟಿದ ಗೆಣಸಿನ ಮುದ್ದೆ, ಮೇಕೆ ಮಾಂಸದ ಸಾರು. ಸಂಜೆ ಎಕ್ಪಾಂಗ್: ಕೆಸುವಿನ ಗೆಡ್ಡೆ ತುರಿದು, ಎಳೆ ಎಲೆಯಲ್ಲಿ ಬೆರಳುದ್ದ ಸುತ್ತಿ, ತಾಳೆ ಎಣ್ಣೆ, ಒಣಸೀಗಡಿ, ಶಂಖದ ಹುಳು ಹಾಕಿ ಬೇಯಿಸಿದ್ದು. ಎಲ್ಲವನ್ನೂ ಅವಳು ಕಣ್ಣುಮುಚ್ಚಿ, ಗುನುಗುತ್ತ, ಬೆರಳು ಚೀಪುತ್ತ ಉಂಡಳು. ಉಂಡು ತೇಗಿ ನಿದ್ದೆಹೋದಳು. ಎದ್ದು ದೋಣಿಯಲ್ಲಿ ಬರುವ ಪಾದ್ರಿಗಳ, ಮೇಕೆ ವ್ಯಾಪಾರಿಗಳ ಅಣಕ ಮಾಡಿ ಅಜ್ಜಿಯನ್ನು ನಗಿಸಿದಳು. ಒಂದು ವಾರ ಕಳೆಯಿತು, ಎರಡು ಕಳೆಯಿತು. ಮಾ ಎಕಾನೆಮ್ ದಿನಾ ಉಡಿದಾರದೊಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದಳು. ಮೊದಲ ದಿನ ಎರಡು ಬೆರಳು ಸಲೀಸಾಗಿ ಹೋಗಿದ್ದವು. ಹದಿನೈದನೆಯ ದಿನವೂ ಅಷ್ಟೇ ಸಲೀಸಾಗಿ ಹೋದವು.

"ಏನೇ ಇದು, ತಳ ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ!"

"ಮಾ, ಇನ್ನೊಂದು ಸೌಟು ಹೊಯ್ದು ನೋಡು. ಒಂದೊಂದ್ಸಲ ತೂತು ಮುಚ್ಚುತ್ತೆ," ಎಂದು ಇಕ್ವೊ ತಟ್ಟೆ ಮುಂದೆ ಮಾಡಿದಳು.

ಸೌಟು ಹೊಯ್ಯುತ್ತಿದ್ದವಳು ಮಾಯೆನ್. ಮಾ ಎಕಾನೆಮ್‌ಳ ತಂಗಿಯ ಮೊಮ್ಮಗಳು. ಹದಿನಾಲ್ಕನೆಯ ವಯಸ್ಸಿಗೆ ಹಳ್ಳಿಯಿಂದ ಬಂದು ಎಂಟು ವರ್ಷದಿಂದ ಈ ಮನೆಯ ಒಲೆ ಹೊತ್ತವಳು. ನಸುಕಿಗೆ ನೀರು, ಆಮೇಲೆ ಸೌದೆ, ಆಮೇಲೆ ಆರು ಊಟ, ಆರು ಊಟದ ಪಾತ್ರೆ. ಮೈ ಹದವಾಗಿ, ಕೆನ್ನೆ ಎರಡೂ ಮಾಗಿದ ಪಪ್ಪಾಯಿಯ ಹಾಗೆ ಉಬ್ಬಿಕೊಂಡಿದ್ದ ಅವಳನ್ನು ಬಂದವರೆಲ್ಲ ಹೊಗಳುವವರೇ. "ಇವಳಿಗೆ ಕೋಣೆ ದಂಡ," ಎಂದು ಎಟೆ ಓಫಿಯೊಂಗ್ ಕೆನ್ನೆ ಹಿಂಡುತ್ತಿದ್ದ, "ರುಚಿ ನೋಡೀ ನೋಡೀ ಒಲೆ ಮುಂದೇನೇ ಊದಿದ್ದಾಳೆ!" ಮಾಯೆನ್ ನಕ್ಕು, ಅವನ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು.

ಮೂರನೆಯ ವಾರ ಲಾಗೋಸಿನಿಂದ ಅಡಿಯಾಹಾ ಬಂದಿಳಿದಳು. ಅಡಿಯಾಹಾ ಮಾ ಎಕಾನೆಮ್‌ಳ ಹಿರಿಯ ಮಗಳು, ಇಕ್ವೊಳ ಸೋದರತ್ತೆ. ಎರಡು ಸೂಟ್‌ಕೇಸು, ಎರಡು ಫೋನು, ಪ್ರಪಂಚದ ಎಲ್ಲದಕ್ಕೂ ಒಂದು ಅಭಿಪ್ರಾಯ. ಉಡಿದಾರ ನೋಡಿದಳು, ಇಕ್ವೊ ಉಣ್ಣುವುದನ್ನು ನೋಡಿದಳು, ತಾಯಿಯನ್ನು ಅಂಗಳದ ಮೂಲೆಗೆ ಎಳೆದುಕೊಂಡು ಹೋದಳು.

"ಮಾ, ಇದು ಕಾಯಿಲೆ. ತಿಂತಾರೆ, ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಹೋಗಿ, ಗಂಟಲಿಗೆ ಬೆರಳು ಹಾಕ್ಕೊಂಡು ಕಕ್ತಾರೆ. ನನ್ನ ಆಫೀಸಿನ ಹುಡುಗಿಗೇ ಇತ್ತು. ಅದರಲ್ಲಿ ಜೀವ ಹೋಗೋದೂ ಉಂಟು."

"ಮೇಕೆ ಮಾಂಸಾನ?" ಎಂದ ಎಟೆ ಓಫಿಯೊಂಗ್, ಯಾರೂ ಕೇಳದಿದ್ದರೂ. "ಮೇಕೆ ಮಾಂಸ ಕಕ್ಕೋದಾ? ಅಬಾಸಿ! ದೇವರು ಮೆಚ್ತಾನಾ?"

"ಎಟೆ, ನೀವು ಸುಮ್ನಿರಿ. ಮಾ, ನೀನೇ ಯೋಚ್ನೆ ಮಾಡು. ದಿನಕ್ಕೆ ಆರು ಊಟ ಎಲ್ಲಿಗೆ ಹೋಗುತ್ತೆ?"

ಮಾ ಎಕಾನೆಮ್ ಬೆರಳು ಮಡಿಚಿ ದಿನ ಎಣಿಸಿದಳು. ಹೊರಬರುವ ದಿನಕ್ಕೆ ಮೂರು ವಾರ ಉಳಿದಿತ್ತು. ಗಂಡಿನ ತಾಯಿ ಮಾ ಇನ್ಯಾಂಗ್ ಮುಂದೆ ನಿಂತು, ಹುಡುಗಿಯ ಕೈ ಹಿಡಿದು, ಏನು ಹೇಳುವುದು? ಮೊಮ್ಮಗಳು ಸಪೂರ ಎಂದರೆ ತನ್ನ ಹೆಸರಷ್ಟೇ ಹಾಳು. ಮೊಮ್ಮಗಳು ಕಾಯಿಲೆಯವಳಾಗಿದ್ದು ತಾನು 'ಗಟ್ಟಿಯಾಗಿದ್ದಾಳೆ' ಎಂದುಬಿಟ್ಟರೆ?

ಅಂದಿನಿಂದ ಅಡಿಯಾಹಾ ಕಾವಲಿಗೆ ನಿಂತಳು. ಇಕ್ವೊ ಬಚ್ಚಲಿಗೆ ಹೋದರೆ ಹೊರಗೆ ಸ್ಟೂಲು ಹಾಕಿ ಕೂರುವುದು.

"ಹಾಡ್ತಾ ಇರೇ! ಹಾಡು ನಿಂತ್ರೆ ಬಾಗಿಲು ತಳ್ತೀನಿ!"

ಇಕ್ವೊ ಹಾಡಿದಳು. ಚರ್ಚಿನ ಹಾಡುಗಳೆಲ್ಲ ಎರಡು ದಿನಕ್ಕೆ ಮುಗಿದವು. ಸಾಬೂನಿನ ಜಾಹೀರಾತುಗಳು ಒಂದು ದಿನಕ್ಕೆ. ಆಮೇಲೆ ಬೇರೆ ದಾರಿ ಕಾಣದೆ ಕೆಲಸದ ಕೂಗನ್ನೇ ಎತ್ತಿಕೊಂಡಳು: "ಓರಾನ್! ಓರಾನ್! ಹೊರಟೇಬಿಡ್ತು ದೋಣಿ! ಇನ್ನಿಬ್ಬರಿಗೆ ಜಾಗ!" ಗೋಡೆಯಾಚೆಯ ಮನೆಗೆ ಬಂದಿದ್ದ ನೆಂಟರು ಗಂಟುಮೂಟೆ ಹೊತ್ತು ಅಂಗಳಕ್ಕೇ ಬಂದು, "ನಾವಿಬ್ರೂ ಇದ್ದೀವಿ, ನಿಲ್ಸಮ್ಮಾ!" ಎಂದರು. ಅಡಿಯಾಹಾ ಅವರಿಗೆ ಸಮಜಾಯಿಷಿ ಹೇಳಿ ಕಳಿಸುವಷ್ಟರಲ್ಲಿ ಒಳಗೆ ಇಕ್ವೊ ನಕ್ಕು ನಕ್ಕು ಬಕೆಟ್ ಮಗುಚಿದ್ದಳು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಅಡಿಯಾಹಾ ಬಚ್ಚಲ ಹಿಂದಿನ ಬಾಳೆಗಿಡಗಳ ಬುಡದಲ್ಲಿ ಒಂದು ಬೂದಿಯ ಗುಡ್ಡೆ ಕಂಡಳು. ಕೋಲಿನಿಂದ ಕೆದಕಿ ಮೂಗು ಮುಚ್ಚಿಕೊಂಡಳು. ಕಕ್ಕಿದ್ದು, ಮೇಲೆ ಒಲೆಯ ಬೂದಿ ಮುಚ್ಚಿದ್ದು. ಪಕ್ಕದಲ್ಲೇ ಹಳೆಯ ಗುಡ್ಡೆಗಳು ಇನ್ನೂ ಮೂರು.

"ನೋಡು ಮಾ! ಈಗೇನಂತೀಯಾ?"

ಮಾ ಎಕಾನೆಮ್ ಕೋಣೆಗೆ ಹೋಗಿ ಮೊಮ್ಮಗಳ ಮುಂದೆ ಚಾಪೆಯಲ್ಲಿ ಕೂತಳು. "ಇಕ್ವೊ, ನನ್ನ ಕಣ್ಣು ನೋಡಿ ಹೇಳು. ಉಂಡಿದ್ದನ್ನ ಕಕ್ತೀಯಾ?"

ಇಕ್ವೊ ಬಾಯಿ ತೆರೆದು ಹಾಗೇ ಉಳಿದಳು. "ಅಷ್ಟು ಒಳ್ಳೆ ಸಾರನ್ನ? ಮಾ, ನಂಗೆ ಹುಚ್ಚಾ?"

"ಹಾಗಾದ್ರೆ ಇವತ್ತು ಬೆಳಿಗ್ಗೆ ಏನು ತಿಂದೆ, ಹೇಳು."

ಇಕ್ವೊ ಯೋಚಿಸಿದಳು. ಛಾವಣಿ ನೋಡಿದಳು. "ಬಾಳೆಕಾಯಿ... ಅಲ್ಲ, ಅದು ನಿನ್ನೆ. ಅಯ್ಯೋ ಮಾ, ತಿಂದಿದ್ದು ಯಾರಿಗೆ ನೆನಪಿರುತ್ತೆ? ಹಸಿವಾದಾಗ ಊಟ ನೆನಪಾಗುತ್ತೆ, ಹೊಟ್ಟೆ ತುಂಬಿದ ಮೇಲೆ ಮರೆತುಹೋಗುತ್ತೆ. ಎಲ್ಲರಿಗೂ ಹಾಗೇ ಅಲ್ವಾ?"

ಆ ಮಾತನ್ನು ಮಾ ಎಕಾನೆಮ್ ಸೆರಗಿನ ಗಂಟಿಗೆ ಹಾಕಿಕೊಂಡಳು. ಅವಳು ನಂಬಿದಳೋ ಇಲ್ಲವೋ, ನಂಬಿಕೆಯ ಮೇಲೆ ಮಾತು ಕೊಡುವವಳಲ್ಲ. ಅಂದಿನಿಂದ ಮೂರು ದಿನ ತನ್ನ ಹಾಸಿಗೆಯನ್ನೇ ಕೋಣೆಗೆ ತಂದಳು. ಬಾಗಿಲಿಗೆ ಬೀಗ, ಬೀಗದ ಕೈ ಸೊಂಟದಲ್ಲಿ. ಸ್ನಾನ ಒಳಗೇ ತೊಟ್ಟಿಯಲ್ಲಿ, ಶೌಚ ಒಳಗೇ ಮುಚ್ಚಳದ ಪಾತ್ರೆಯಲ್ಲಿ. ಇಕ್ವೊ ಒಂದು ಹೆಜ್ಜೆಯೂ ಹೊರಗಿಡಲಿಲ್ಲ. ಉಂಡಳು, ಮಲಗಿದಳು, ಅಜ್ಜಿಗೆ ಫೋನಿನಲ್ಲಿ ಕೋತಿಗಳ ವಿಡಿಯೋ ತೋರಿಸಿದಳು. ನಾಲ್ಕನೆಯ ಬೆಳಿಗ್ಗೆ ಮಾ ಎಕಾನೆಮ್ ಬೀಗ ತೆಗೆದು ನೇರ ಬಾಳೆಬುಡಕ್ಕೆ ಹೋದಳು.

ಹೊಸ ಬೂದಿ ಗುಡ್ಡೆ. ಇನ್ನೂ ಹಸಿ.

ಅವಳು ಅಲ್ಲೇ ನಿಂತಳು. ಇಕ್ವೊ ಅಲ್ಲವೆಂದು ಎದೆ ಹಗುರಾಯಿತು. ಹಗುರಾದ ಎದೆಯೊಳಕ್ಕೆ ಮರುಗಳಿಗೆಯೇ ಇನ್ನೊಂದು ಕಲ್ಲು ಬಿತ್ತು. ಇಕ್ವೊ ಅಲ್ಲದಿದ್ದರೆ ಯಾರು? ಮನೆಯಲ್ಲಿ ಇರುವವರೇ ಐದು ಜನ. ಓಫಿಯೊಂಗ್ ಮೇಕೆಯ ಕೊಂಬನ್ನೂ ಅರಗಿಸಿಕೊಳ್ಳುವವ. ಅಡಿಯಾಹಾ ಬರುವುದಕ್ಕೂ ಹಿಂದಿನ ಗುಡ್ಡೆಗಳಿದ್ದವು. ತಾನಂತೂ ಅಲ್ಲ.

ಅವಳು ಅಡುಗೆಮನೆಗೆ ಹೋದಳು. ಸಂಜೆಯ ಎಕ್ಪಾಂಗ್‌ಗಾಗಿ ಮಾಯೆನ್ ಒಂದು ಬುಟ್ಟಿ ಕೆಸುವಿನ ಗೆಡ್ಡೆ ಸುಲಿದಿಟ್ಟು, ಮೊಳೆಯಲ್ಲಿ ತೂತು ಹೊಡೆದ ತಗಡಿನ ಮೇಲೆ ತುರಿಯುತ್ತಿದ್ದಳು. ಮಾ ಎಕಾನೆಮ್ ಇನ್ನೊಂದು ತುರಿತಗಡು ಎಳೆದುಕೊಂಡು ಎದುರಿಗೆ ಕೂತಳು. ಮಾಯೆನ್ ಗಾಬರಿಯಾದಳು. ಎಂಟು ವರ್ಷದಲ್ಲಿ ಮಾ ಆ ಮಣೆಯ ಮೇಲೆ ಕೂತದ್ದು ಅದೇ ಮೊದಲು.

"ಯಾಕೆ ಮಾ? ಎಕ್ಪಾಂಗ್ ಗಂಟುಗಂಟಾಗ್ತಿದೆಯಾ?"

"ಸುಮ್ನೆ ಕೂತೆ. ಇಕ್ವೊ ನಿನ್ನೆ ಚೆನ್ನಾಗಿ ಉಂಡಳಾ?"

"ಮಧ್ಯಾಹ್ನ ಮುದ್ದೆ ಮೂರು, ಮಾಂಸ ಏಳು ತುಂಡು. ಸಂಜೆ ಎಕ್ಪಾಂಗ್ ಇಪ್ಪತ್ತೆರಡು. ಎಟೆ ಓಫಿಯೊಂಗ್ ಹದಿನೆಂಟು. ಅಡಿಯಾಹಾ ಅಕ್ಕ ಒಂಬತ್ತೂವರೆ, ಅರ್ಧ ಅಂಚಿಗೆ ಸರಿಸಿದ್ರು. ನೀವು ಹನ್ನೊಂದು." ಮಾಯೆನ್ ತಲೆ ಎತ್ತದೆ, ಜಪ ಹೇಳುವಂತೆ ಹೇಳಿದಳು.

ಉಂಡವಳಿಗೆ ನೆನಪಿಲ್ಲ, ಬಡಿಸಿದವಳಿಗೆ ಅರ್ಧ ತುತ್ತೂ ಮರೆತಿಲ್ಲ. ಮಾ ಎಕಾನೆಮ್ ಕೈ ನಿಧಾನವಾಯಿತು. "ನೀನು?"

"ನಾನೇನು ಮಾ?"

"ನೀನು ಎಷ್ಟು ತಿಂದೆ?"

"ನಾನು... ಆಮೇಲೆ ತಿಂದೆ." ಗೆಡ್ಡೆ ಸರಸರ ಓಡಿತು.

ಆಮೇಲೆ ಎಂದರೆ ಯಾವಾಗ? ಯಾವ ತಟ್ಟೆಯಲ್ಲಿ? ಮಾ ಎಕಾನೆಮ್ ಎಷ್ಟು ತಡಕಿದರೂ ಮಾಯೆನ್ ಕೂತು ಉಂಡದ್ದರ ಒಂದು ಚಿತ್ರವೂ ನೆನಪಿನಲ್ಲಿ ಸಿಗಲಿಲ್ಲ. ಅದೇ ಗುಂಗಿನಲ್ಲಿದ್ದಾಗ ತಗಡು ಕಚ್ಚಿತು. "ಹಾಳಾದ್ದು!" ಎಂದು ಹೆಬ್ಬೆರಳು ಬಾಯಿಗಿಟ್ಟುಕೊಂಡಳು. ಐವತ್ತು ವರ್ಷ ತುರಿದ ಕೈ ಅದು. ಹೆಬ್ಬೆರಳ ತುದಿ, ತೋರುಬೆರಳ ತುದಿ, ನಡುಬೆರಳ ತುದಿ, ಎಲ್ಲೆಲ್ಲೂ ಚುಕ್ಕೆಚುಕ್ಕೆ ಹಳೆಯ ಗಾಯ. ಗೆಡ್ಡೆ ಸಣ್ಣದಾಗುತ್ತ ಬಂದಂತೆ ತಗಡು ತುದಿಯನ್ನೇ ಕಚ್ಚುತ್ತದೆ. ಕಚ್ಚಲು ಅದಕ್ಕೆ ಸಿಗುವುದೇ ಅದು.

ಮಾಯೆನ್‌ಳ ಕೈಯ ಗಾಯಗಳನ್ನು ಅವಳು ದಿನಾ ನೋಡಿದ್ದಳು. ತುರಿತಗಡಿನದು ಎಂದುಕೊಂಡು ಎರಡು ಸಲ ತಾಳೆಬೀಜದ ಎಣ್ಣೆಯನ್ನೂ ಕೊಟ್ಟಿದ್ದಳು. ಈಗ ಸರಿಯಾಗಿ ನೋಡಿದಳು. ಗಾಯ ತುದಿಯಲ್ಲಿ ಇರಲಿಲ್ಲ. ಬಲಗೈಯ ಹಿಂಬದಿ, ಬೆರಳು ಶುರುವಾಗುವ ಎರಡು ಗೆಣ್ಣುಗಳ ಮೇಲಿತ್ತು. ಯಾವ ತಗಡೂ ಅಲ್ಲಿಗೆ ಹತ್ತಿ ಕಚ್ಚುವುದಿಲ್ಲ.

ಮಾ ಎಕಾನೆಮ್ ತನ್ನದೇ ಎರಡು ಬೆರಳನ್ನು ಮೆಲ್ಲಗೆ ಬಾಯೊಳಗಿಟ್ಟು ನೋಡಿದಳು. ಮೇಲಿನ ಹಲ್ಲು ಬಂದು ಕೂತದ್ದು ಸರಿಯಾಗಿ ಅದೇ ಗೆಣ್ಣಿನ ಮೇಲೆ.

"ಮಾಯೆನ್. ಬೂದಿ ಸುರಿಯೋಳು ನೀನಾ?"

ಮಾಯೆನ್ ತುರಿಯುತ್ತಲೇ ಇದ್ದಳು. "ಕೆಸು ಕಪ್ಪಾಗುತ್ತೆ ಮಾ. ಬೇಗ ಮುಗಿಸ್ಬೇಕು."

"ಕಪ್ಪಾಗ್ಲಿ."

ಆ ಅಡುಗೆಮನೆಯಲ್ಲಿ ಆ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ. ಮಾಯೆನ್‌ಳ ಕೈ ನಿಂತಿತು. ನಿಂತ ಕೈಯ ಮೇಲೆ ಕಣ್ಣೀರು ಬಿತ್ತು. "ಎಲ್ಲರದೂ ಆಗೋವರೆಗೂ ಒಂದು ಅಗುಳೂ ಮುಟ್ಟಲ್ಲ ಮಾ. ಮುಟ್ಟಬಾರ್ದು ಅಂತ ಇರ್ತೀನಿ. ಆಮೇಲೆ ಪಾತ್ರೆ ತೊಳೆಯೋವಾಗ ತಳದಲ್ಲಿರೋದು, ಬುಟ್ಟೀಲಿರೋದು, ನಾಳೆಗೆ ಇಟ್ಟಿದ್ದು, ಎಲ್ಲಾ ತಿಂದುಬಿಡ್ತೀನಿ, ನಿಂತ್ಕೊಂಡೇ. ಕೈ ನನ್ನ ಮಾತು ಕೇಳಲ್ಲ. ಆಮೇಲೆ ಭಯ ಆಗುತ್ತೆ, ನೀರಿಗೆ ಅಂತ ಹಿಂದಕ್ಕೆ ಹೋಗಿ..." ಅವಳು ಗೆಣ್ಣು ಮುಚ್ಚಿಕೊಂಡಳು. "ರುಚಿ ನೋಡೇ ಊದಿದ್ದೀನಿ ಅಂತಾರಲ್ಲ. ಅದನ್ನ ಮೊದಲು ಅಂದಾಗ ನಂಗೆ ಹದಿನಾರು."

"ಅಂದ್ರೆ ನಾನು ಒಳಗೆ ಹಾಡ್ತಾ ಇದ್ದಾಗ ನೀನು ಹೊರಗೆ..." ಎಂದು ಕಿಟಕಿಯಿಂದ ದನಿ ಬಂತು. ಬೀಗ ತೆಗೆದ ಕೋಣೆಯಿಂದ ಇಕ್ವೊ ಎದ್ದು ಬಂದು, ಮೈತುಂಬ ಬಿಳಿಮಣ್ಣಿನ ಚಿತ್ತಾರದೊಂದಿಗೆ ಕಿಟಕಿಗೆ ನೇತುಬಿದ್ದಿದ್ದಳು. ಹೊರಬರುವ ದಿನಕ್ಕೆ ಮುಂಚೆ ಮದುವಣಗಿತ್ತಿ ಹೊರಗೆ ಕಾಲಿಡುವುದು ಅಪಶಕುನ. ಅದನ್ನು ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಮಾ ಎಕಾನೆಮ್‌ಗೆ ಗೊತ್ತಿದ್ದ ಔಷಧಿ ಒಂದೇ. "ನಾಳೆಯಿಂದ ನೀನೂ ಕೋಣೆಗೆ ಬಾ. ನಾನೇ ಕೂತು ಉಣಿಸ್ತೀನಿ. ದಿನಕ್ಕೆ ಆರು..."

ಮಾಯೆನ್ ಹಿಂದೆ ಸರಿದು ಗೋಡೆಗೆ ಒರಗಿದಳು. ಇಕ್ವೊ ಕಿಟಕಿಯಿಂದಲೇ ಕಿರುಚಿದಳು, "ಮಾ! ಮುಳುಗ್ತಾ ಇರೋಳಿಗೆ ನೀರು ಕುಡಿಸ್ತೀಯಾ?"

ಅಡಿಯಾಹಾಳ ಅಭಿಪ್ರಾಯಗಳು ಮೊದಲ ಬಾರಿಗೆ ಕೆಲಸಕ್ಕೆ ಬಂದವು. ತಪ್ಪು ಬಾಗಿಲಿಗೆ ಕಾವಲು ಕೂತಿದ್ದಕ್ಕೆ ಅವಳು ಮೂಗು ಒರೆಸಿಕೊಳ್ಳುತ್ತಲೇ, ಎರಡು ಫೋನಿನಲ್ಲೂ ಒಟ್ಟಿಗೆ ಮಾತಾಡಿ, ಇಂಥದ್ದನ್ನು ಬಲ್ಲ ಒಬ್ಬ ನರ್ಸಮ್ಮನನ್ನು ಹುಡುಕಿದಳು. ನಾಲ್ಕು ಹೆಂಗಸರು ಒಂದೇ ಆಟೋದಲ್ಲಿ ಹೋದರು. ಚಿತ್ತಾರ ಕಾಣದಿರಲೆಂದು ಇಕ್ವೊ ಬೆಡ್‌ಶೀಟು ಹೊದ್ದಿದ್ದಳು.

ನರ್ಸಮ್ಮ ಇಬ್ಬರನ್ನೂ ತೂಕಕ್ಕೆ ನಿಲ್ಲಿಸಿದಳು. ಇಕ್ವೊಳ ಕೆಲಸದ ಆರೋಗ್ಯ ಕಾರ್ಡು ತಿರುವಿದಳು. ನಲವತ್ತೇಳು ಕಿಲೋ, ನಲವತ್ತೇಳು, ನಲವತ್ತೆಂಟು (ಆ ವರ್ಷ ಬೂಟು ಬಿಚ್ಚಿರಲಿಲ್ಲವಂತೆ), ನಲವತ್ತೇಳು. ತಿಂಗಳ ಮುಟ್ಟು ತಪ್ಪಿಲ್ಲ. ಮೆಟ್ಟಿಲು ಹತ್ತಿದರೆ ಸುಸ್ತಿಲ್ಲ. "ಮನೇಲಿ ಯಾರು ಹೀಗಿದ್ರು?"

"ಇವಳಜ್ಜ," ಎಂದು ಹೇಳಿದ ಮಾ ಎಕಾನೆಮ್ ಕುರ್ಚಿಯ ಅಂಚಿಗೆ ಜರುಗಿದಳು. "ಅಂದ್ರೆ... ಎಡೆಮ್ ಇದ್ದದ್ದೇ ಹಾಗಾ? ನನ್ನ ಅಡುಗೆದು ಏನೂ ತಪ್ಪಿಲ್ವಾ?"

"ಎಷ್ಟು ವರ್ಷ ಬದುಕಿದ್ರು?"

"ಎಂಬತ್ತೊಂದು."

"ನಿಮ್ಮ ಅಡುಗೆ ಚೆನ್ನಾಗೇ ಇದ್ದಿರ್ಬೇಕು," ಎಂದಳು ನರ್ಸಮ್ಮ. ಮೂವತ್ತು ವರ್ಷದ ಭಾರ ಮಾ ಎಕಾನೆಮ್‌ಳ ಹೆಗಲಿನಿಂದ ಇಳಿದು ಆ ಕೋಣೆಯ ನೆಲದ ಮೇಲೆ ಬಿತ್ತು. ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಹೊರಗೆ ಕಾಯುತ್ತಿದ್ದ ಕೂಸೊಂದು ಅಳತೊಡಗಿತು.

ಆಮೇಲೆ ನರ್ಸಮ್ಮ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದಳು: "ಊಟ ಮುಗಿದ ಮೇಲೆ ಅದರ ಬಗ್ಗೆ ಏನು ಅನ್ಸುತ್ತೆ?"

"ಮರೆತುಹೋಗುತ್ತೆ," ಎಂದಳು ಇಕ್ವೊ.

ಮಾಯೆನ್ ಗೆಣ್ಣು ಸವರಿಕೊಂಡಳು. "ಮುಗಿಯೋದು ಅಂದ್ರೇನು ಸಿಸ್ಟರ್? ನನ್ನ ತಲೇಲಿ ಅದು ಮುಗಿಯೋದೇ ಇಲ್ಲ."

"ಇವರಿಬ್ಬರ ನಡುವಿನ ವ್ಯತ್ಯಾಸ ತಕ್ಕಡೀಲಿ ಸಿಗಲ್ಲ ಮಾ," ಎಂದಳು ನರ್ಸಮ್ಮ. ಮಾಯೆನ್‌ಳ ತೂಕ ಹದವಾಗೇ ಇತ್ತು. ಎಲ್ಲರೂ ಹೊಗಳುವ ಆ ಕೆನ್ನೆ ಉಬ್ಬಿದ್ದು ಕಕ್ಕೀ ಕಕ್ಕೀ ಊದಿಕೊಂಡ ಜೊಲ್ಲಿನ ಗ್ರಂಥಿಗಳಿಂದಂತೆ. ಹಲ್ಲಿನ ಒಳಬದಿ ಸವೆದಿತ್ತು. ರಕ್ತ ಪರೀಕ್ಷೆ ಮಾಡಿಸಬೇಕು, ಡಾಕ್ಟರು ನೋಡಬೇಕು, ವಾರಕ್ಕೊಮ್ಮೆ ಬಂದು ಕೂತು ಮಾತಾಡಬೇಕು, ದಿನಗಳಲ್ಲ ತಿಂಗಳುಗಳೇ ಹಿಡಿಯಬಹುದು. ಒತ್ತಾಯ ಮಾಡಿ ಉಣಿಸಬಾರದು, ತಟ್ಟೆ ದಿಟ್ಟಿಸಬಾರದು, ಮೈಯ ಬಗ್ಗೆ ಹೊಗಳಿಕೆಯೂ ಬೇಡ ತೆಗಳಿಕೆಯೂ ಬೇಡ. ಹೊತ್ತಿಗೆ ಸರಿಯಾಗಿ ಎಲ್ಲರ ಜೊತೆ ಕೂತು ಉಣ್ಣಬೇಕು. "ಸದ್ಯಕ್ಕೆ ಇವಳಿಂದ ಇನ್ನೂರು ಜನರ ಅಡುಗೆ ಮಾಡಿಸ್ಬೇಡಿ."

ವಾಪಸು ಬರುವಾಗ ಮಾ ಎಕಾನೆಮ್ ಪೇಟೆಯಲ್ಲಿ ಆಟೋ ನಿಲ್ಲಿಸಿ ಒಂದು ನೀಲಿ ಬಣ್ಣದ ಪಿಂಗಾಣಿ ತಟ್ಟೆ ಕೊಂಡಳು. ಆ ಮನೆಯಲ್ಲಿ ಉಳಿದವರೆಲ್ಲರಿಗೂ ಒಂದೊಂದು ತಟ್ಟೆಯಿತ್ತು, ಬೆಕ್ಕಿಗೂ ಇತ್ತು.

ಅದೆಲ್ಲ ಸರಿ. ಆದರೆ ಇನ್ನೆರಡು ವಾರಕ್ಕೆ ಇನ್ನೂರು ಜನ ಎಕ್ಪಾಂಗ್ ಉಣ್ಣಲು ಬರುವವರಿದ್ದರಲ್ಲ!

"ಯಾರು ಮಾಡ್ತಾರೆ?" ಎಂದ ಎಟೆ ಓಫಿಯೊಂಗ್ ಕುರ್ಚಿಯಿಂದ.

"ನೀನು," ಎಂದಳು ಅಕ್ಕ.

"ನಾನಾ?"

"ನೀನೇ. ನಿನ್ನ ಚರ್ಚಿನ ಹಾಡಿನ ಗುಂಪಿನ ಹನ್ನೊಂದು ಜನರನ್ನೂ ಕರ್ಕೊಂಡು ಬಾ. ಇಷ್ಟು ವರ್ಷ ಮಾಯೆನ್ ಕೆನ್ನೆ ಹಿಂಡಿದ್ದೀಯಲ್ಲ, ಈಗ ಗೆಡ್ಡೆ ಹಿಂಡು."

"ಅಕ್ಕಾ, ಗಂಡಸರು ಕೆಸು ತುರಿದ್ರೆ ಊರು ಏನನ್ನುತ್ತೆ?"

"ತುರಿಯದಿದ್ರೆ ಊರು ಉಪವಾಸ ಇರುತ್ತೆ. ಯಾವುದು ವಾಸಿ, ಯೋಚ್ನೆ ಮಾಡು."

ಹೊರಬರುವ ದಿನ ಬಂತು. ಹಿತ್ತಲಲ್ಲಿ ಹನ್ನೆರಡು ಗಂಡಸರು ಹನ್ನೆರಡು ತುರಿತಗಡು ಹಿಡಿದು ಸಾಲಾಗಿ ಕೂತರು. ಅರ್ಧ ಗಂಟೆಯಲ್ಲಿ ಸಾಲಿನ ಈ ತುದಿಯಿಂದ ಆ ತುದಿಗೆ "ಆಯ್!" "ಸತ್ತೆ!" "ಅಬಾಸಿ!" ಎಂಬ ಮೇಳ ಹತ್ತಿಕೊಂಡಿತು. ಡೋಲಿನವರು ಅದೇ ಲಯ ಹಿಡಿದರು. ಒಬ್ಬ ಎಲೆ ಸುತ್ತುವುದರ ಬದಲು ತನ್ನ ಬೆರಳಿಗೇ ಎಲೆ ಸುತ್ತಿಕೊಂಡ. ಎಕ್ಪಾಂಗ್‌ಗಳು ಕೆಲವು ಹೆಬ್ಬಾವಿನಂತೆ, ಕೆಲವು ಇಲಿಮರಿಯಂತೆ, ಎಲ್ಲಾ ಒಂದೇ ಪಾತ್ರೆಯಲ್ಲಿ ಬೆಂದವು.

ಅಂಗಳದಲ್ಲಿ ಇಕ್ವೊ ಹೊರಬಂದಳು. ತಲೆಯ ಮೇಲೆ ಹಿತ್ತಾಳೆಯ ಬಾಚಣಿಗೆಗಳು, ಕಾಲಲ್ಲಿ ಗೆಜ್ಜೆ, ಸೊಂಟದಲ್ಲಿ ಮೊದಲ ದಿನದ್ದೇ ಉಡಿದಾರ, ಒಂದು ಮಣಿಯೂ ಹೆಚ್ಚಿಲ್ಲದೆ. ಭುಜ ಬಾಗಿಲಿಗೆ ತಾಗಲಿಲ್ಲ. ಎರಡು ಕಡೆಯೂ ಇನ್ನೊಬ್ಬೊಬ್ಬಳು ಹೋಗುವಷ್ಟು ಜಾಗವಿತ್ತು. ಜನ ಗುಜುಗುಜು ಅಂದರು. ಗಂಡಿನ ತಾಯಿ ಮಾ ಇನ್ಯಾಂಗ್ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದಳು.

"ಮಾ ಎಕಾನೆಮ್, ಬೇರೆಯವರ ಮಕ್ಕಳಿಗೆ ಉಣಿಸಿ, ಸ್ವಂತ ಮೊಮ್ಮಗಳಿಗೆ ವಾಸನೆ ತೋರಿಸಿ ಕಳಿಸ್ತೀರಾ?"

ಅಂಗಳ ನಗೆಯಿಂದ ತುಂಬಿತು. ಮಾ ಎಕಾನೆಮ್ ಕೂಡ ನಕ್ಕಳು. ಮೊಮ್ಮಗಳ ಕೈ ಹಿಡಿದು ಆ ಕೈಗಿಟ್ಟಳು. "ನಾನು ನೋಡಿದ್ದೀನಿ," ಎಂದಳು, ಹಿಂದಿನ ನಲವತ್ತೊಂದು ಸಲಕ್ಕಿಂತ ಜೋರಾಗಿ. "ಇವಳು ಗಟ್ಟಿಯಾಗಿದ್ದಾಳೆ. ಇವಳಜ್ಜನೂ ಹೀಗೇ ಗಟ್ಟಿಯಾಗಿದ್ದ. ನೀವು ಎಷ್ಟೇ ಹಾಕಿ, ಇವಳು ಇಷ್ಟೇ ಇರ್ತಾಳೆ. ನಾಳೆ ನನ್ನ ಹತ್ರ ಬಂದು ಕೇಳ್ಬೇಡಿ. ಒಲೆ ಮುಂದೆ ಇವಳೊಬ್ಬಳನ್ನೇ ನಿಲ್ಸಿದ್ರೆ ಮಾತ್ರ ನಾನೇ ಬಂದು ಕೇಳ್ತೀನಿ."

ಮಾ ಇನ್ಯಾಂಗ್ ಅನುಮಾನದಿಂದಲೇ ಊಟಕ್ಕೆ ಕೂತಳು. ಪಕ್ಕದಲ್ಲಿ ಸೊಸೆ ಹೆಬ್ಬಾವಿನ ಗಾತ್ರದ ಮೂರು ಎಕ್ಪಾಂಗ್ ಮುಗಿಸಿ, ಅತ್ತೆಯ ತಟ್ಟೆಯ ಅಂಚಿನಲ್ಲಿದ್ದ ಇಲಿಮರಿಯ ಕಡೆ ಕಣ್ಣು ಹಾಯಿಸಿದ್ದು ನೋಡಿ ಅವಳ ಅನುಮಾನ ಬೇರೆ ಕಡೆ ತಿರುಗಿತು. "ಅಯ್ಯೋ ದೇವರೇ," ಎಂದು ಮಗನಿಗೆ ಹೇಳಿದಳು, "ಇವಳಿಗೆ ಬೇಯಿಸೋಕೆ ನೀನೂ ಕಲೀಬೇಕಾಗುತ್ತೆ ಕಣೋ."

ಇಕ್ವೊಳ ಇನ್ನೊಂದು ಪಕ್ಕದಲ್ಲಿ, ಹೊಸ ಬಟ್ಟೆಯುಟ್ಟು ಮಾಯೆನ್ ಕೂತಿದ್ದಳು. ಮುಂದೆ ನೀಲಿ ತಟ್ಟೆ. ಮೂರು ಬಾರಿ ಅವಳು ಪಾತ್ರೆ ಎತ್ತಲು ಎದ್ದಳು, ಮೂರು ಬಾರಿಯೂ ಇಕ್ವೊ ಮೇಜಿನ ಕೆಳಗೆ ಅವಳ ಪಾದ ತುಳಿದು ಕೂರಿಸಿದಳು. ಕಳೆದ ವಾರ ಬಾಳೆಬುಡದಲ್ಲಿ ಒಂದು ಸಲ ಬೂದಿ ಕಂಡಿತ್ತು. ಮಾಯೆನ್ ತಾನೇ ಬಂದು ಹೇಳಿದ್ದಳು. ಮಾ ಎಕಾನೆಮ್ ಬೈದಿರಲಿಲ್ಲ. ಈಗ ಅವಳ ತಟ್ಟೆಯಲ್ಲಿ ಎಷ್ಟಿತ್ತು, ಎಷ್ಟು ಖಾಲಿಯಾಯಿತು, ಯಾರೂ ಎಣಿಸಲಿಲ್ಲ. ಮಾ ಎಕಾನೆಮ್ ಬೇಕೆಂದೇ ಇನ್ನೊಂದು ದಿಕ್ಕಿಗೆ ನೋಡುತ್ತ ಕೂತಿದ್ದಳು. ನೋಡದೆ ಇರುವುದು ನೋಡುವುದಕ್ಕಿಂತ ಕಷ್ಟದ ಕೆಲಸ ಎಂದು ಅರವತ್ತೆಂಟನೆಯ ವಯಸ್ಸಿಗೆ ಕಲಿಯುತ್ತಿದ್ದಳು.

ಅಷ್ಟರಲ್ಲಿ ಎಟೆ ಓಫಿಯೊಂಗ್ ಬಡಿಸುವ ಸೌಟು ಹಿಡಿದು ಬಂದ. ಬೆರಳಿಗೆಲ್ಲ ಬಟ್ಟೆಪಟ್ಟಿ. ಹಿಂದೆ ಅವನ ಹನ್ನೊಂದು ಜನ, ಎಲ್ಲರ ಬೆರಳಿಗೂ ಪಟ್ಟಿ.

"ಕೈ ತೋರ್ಸಿ," ಎಂದಳು ಮಾ ಎಕಾನೆಮ್.

ಹನ್ನೆರಡು ಜೊತೆ ಕೈಗಳು ಶಾಲೆಯ ಮಕ್ಕಳಂತೆ ಮುಂದೆ ಬಂದವು. ಅವಳು ಒಂದೊಂದನ್ನೇ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ತುದಿ, ತುದಿ, ತುದಿ. ಒಬ್ಬನ ಗೆಣ್ಣಿನ ಮೇಲೂ ಒಂದು ಗೀರಿಲ್ಲ.

"ನೋಡಿದ್ಯಾ ಮಾಯೆನ್," ಎಂದಳು. "ಇದು ತುರಿತಗಡು ಕಚ್ಚೋ ಜಾಗ."

ಮಾಯೆನ್ ತನ್ನ ಕೈ ನೋಡಿಕೊಂಡಳು. ಗೆಣ್ಣಿನ ಮೇಲಿನ ಗಾಯದ ಹಕ್ಕಳೆ ಅಂಚಿನಲ್ಲಿ ಬಿಡತೊಡಗಿತ್ತು. ಆಮೇಲೆ ಎಟೆ ಓಫಿಯೊಂಗ್‌ನ ಬ್ಯಾಂಡೇಜಿನ ಬೆರಳುಗಳನ್ನು ನೋಡಿದಳು, ಅವನ ಮುಖ ನೋಡಿದಳು, ತಡೆಯಲಾರದೆ ಕಿಸಕ್ಕನೆ ನಕ್ಕಳು.

"ಎಟೆ," ಎಂದಳು, "ರುಚಿ ನೋಡೋದು ಬಿಟ್ಟು ಬೇಗ ಬಡಿಸಿ. ಇಕ್ವೊ ಮತ್ತೆ ತಟ್ಟೆ ನೆಕ್ತಾ ಇದ್ದಾಳೆ."